ಹಾಲುಂಡರೂ ಏರದ ತೂಕ

ಕಳೆದ ಮಳೆಗಾಲದಲ್ಲಿ ಜುವಾರಿನಗರದ ಕನ್ನಡಿಗರ ಓಣಿಯೊಂದರಲ್ಲಿ ನಾವು ಒಂದು ಮನೆಗೆ ಹೋಗಿದ್ದೆವು. ಮನೆಯ ಯಜಮಾನ ಬಾದಾಮಿ ತಾಲೂಕಿನ ಕಡೆಯವನು. ಗಾರೆ ಕೆಲಸ ಮಾಡಿಕೊಂಡು ಗೋವೆಯಲ್ಲಿ ನೆಲೆಸಿ ಆರೇಳು ವರ್ಷಗಳಾಗಿವೆ. ಆತನ ಹೆಂಡತಿಗೆ ಮೂವತ್ತನೆಯ ವಾರದಲ್ಲಿಯೇ ಹೆರಿಗೆಯಾಗಿ, ಕೂಸನ್ನು ಆಸ್ಪತ್ರೆಯಲ್ಲಿ 'ಪೆಟ್ಟಿಗೆ'ಯೊಳಗೆ ಇಟ್ಟು ಹದಿನೆಂಟು ದಿನಗಳು ಕಳೆದಿದ್ದವು. ಹುಟ್ಟಿದಾಗ ಅದರ ತೂಕ 1,150 ಗ್ರಾಂ, ಎಂದರೆ ಒಂದು ಸೇರು ಜೋಳಕ್ಕಿಂತ ಹೆಚ್ಚು ಭಾರವಿಲ್ಲ. ತಾಯಿಗೆ ಹಾಲು ಸಾಲದಾದ್ದರಿಂದ ಹಾಲಿನ ಬ್ಯಾಂಕಿನಿಂದ ತರಿಸಿದ ಬೇರೆ ತಾಯಂದಿರ ಹಾಲನ್ನು ಸಣ್ಣ ನಳಿಕೆಯ ಮೂಲಕ ಅದಕ್ಕೆ ಉಣಿಸುತ್ತಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಅನಗತ್ಯ.

ತಂದೆಯಾದವನು ಅಂಗಿಯ ಜೇಬಿನಿಂದ ಒಂದು ಚೀಟಿಯನ್ನು ತೆಗೆದು ನಮ್ಮ ಮುಂದೆ ಇಟ್ಟನು. ಪ್ರತಿದಿನ ದಾದಿಯನ್ನು ಕೇಳಿ ಬರೆದುಕೊಂಡ ತೂಕದ ಲೆಕ್ಕವದು. ಮೊದಲ ವಾರದಲ್ಲಿ ಇಳಿದ ತೂಕ ಹದಿನಾಲ್ಕನೆಯ ದಿನಕ್ಕೆ ಮತ್ತೆ 1,150ಕ್ಕೆ ಬಂದು ನಿಂತಿತ್ತು. ಅನಂತರದ ನಾಲ್ಕು ದಿನಗಳಲ್ಲಿ ಏರಿದ್ದು ಬರಿಯ ಇಪ್ಪತ್ತು ಗ್ರಾಂ. "ಹಾಲು ಕುಡಿಯಾಕ ಹತ್ತೈತ್ರಿ, ತೂಕ ಯಾಕ ಏರವಲ್ದು? ಹಾಲಿನ್ಯಾಗ ಏನಾರ ಕಮ್ಮಿ ಐತೇನ್ರಿ?" ಎಂದು ಆತ ಕೇಳಿದನು. ಒಲೆಯ ಬಳಿ ಕುಳಿತಿದ್ದ ಹೆಣ್ಣಿನ ತಾಯಿ ನಮ್ಮ ಉತ್ತರಕ್ಕೆ ಕಾಯಲಿಲ್ಲ. "ಮಂದಿ ಹಾಲು ಮೈಗೆ ಹತ್ತೂದಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪಿತ್ತರು.

ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ನಾವು ಆಮೇಲೆ ಓದಿ, ವೈದ್ಯರನ್ನು ವಿಚಾರಿಸಿ ತಿಳಿದುಕೊಂಡೆವು. ದಾನದ ಹಾಲು ಕೂಸಿನ ಪ್ರಾಣವನ್ನು ಕಾಯುತ್ತದೆ. ಆದರೆ ಮೈ ತುಂಬಿಸುವುದರಲ್ಲಿ ಹಿಂದೆ ಬೀಳುತ್ತದೆ. ಹಾಗೇಕೆ, ಆ ಕೊರತೆಯನ್ನು ತುಂಬುವ ಬಗೆ ಯಾವುದು ಎಂಬ ವಿಷಯವನ್ನು ಗಡಿಯಾಚೆಯ ನಮ್ಮ ಕುಟುಂಬಗಳ ಮುಂದಿಡುವುದು ಈ ಬರಹದ ಉದ್ದೇಶ.

ಮೂವತ್ತೇಳು ವಾರಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ದಿನ ತುಂಬದ ಕೂಸು ಎನ್ನುತ್ತಾರೆ. 2020ರಲ್ಲಿ ನಮ್ಮ ದೇಶದಲ್ಲಿ ಇಂತಹ ಸುಮಾರು 30 ಲಕ್ಷ ಶಿಶುಗಳು ಹುಟ್ಟಿದುವೆಂದು ಅಂದಾಜು. ಏಳು ತಿಂಗಳಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತೊಂದು ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ಪೂರ್ತಿ ತಪ್ಪು. ಬಸಿರಿನಲ್ಲಿ ಹೆಚ್ಚಾಗಿ ಕಳೆದ ಪ್ರತಿಯೊಂದು ವಾರವೂ ಕೂಸಿಗೆ ಲಾಭವೇ. ಕಡೆಯ ಮೂರು ತಿಂಗಳಲ್ಲಿಯೇ ತಾಯಿಯ ರಕ್ತದಿಂದ ಮಗುವಿನ ಎಲುಬಿಗೆ ಸುಣ್ಣದಂಶವೂ ರಂಜಕವೂ ಹರಿದುಬರುವುದು. ಮೈಯಲ್ಲಿ ಕೊಬ್ಬು ಕೂಡುವುದೂ ಮಿದುಳು ವೇಗವಾಗಿ ಬೆಳೆಯುವುದೂ ಆಗಲೇ. ಬೇಗ ಹುಟ್ಟಿದ ಕೂಸು ಈ ಬುತ್ತಿ ಕಟ್ಟಿಕೊಳ್ಳದೆಯೇ ಹೊರಟುಬಂದ ಪ್ರಯಾಣಿಕನಂತೆ. ಗರ್ಭದಲ್ಲಿ ಹೊಕ್ಕುಳಬಳ್ಳಿ ಮಾಡುತ್ತಿದ್ದ ಕೆಲಸವನ್ನೆಲ್ಲ ಹೊರಗೆ ಹಾಲೊಂದೇ ಮಾಡಬೇಕು.

ಎರವಲು ಹಾಲು ನಮಗೆ ಹೊಸತಲ್ಲ. ಷಣ್ಮುಖನಿಗೆ ಆರು ಮಂದಿ ಕೃತ್ತಿಕೆಯರು ಹಾಲೂಡಿಸಿದ ಕಥೆಯನ್ನು ಕೇಳದ ಕನ್ನಡ ಮನೆಯಿಲ್ಲ. ಬಾಣಂತಿ ತೀರಿಹೋದ ಮನೆಯ ಕೂಸನ್ನು ಎದುರುಮನೆಯ ಎಳೆಬಾಣಂತಿ ಎತ್ತಿಕೊಂಡು ಹಾಲು ಕೊಟ್ಟು ಉಳಿಸಿದ ಪ್ರಸಂಗ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ನೆನಪಿದೆ. ಅದನ್ನೇ ಆಸ್ಪತ್ರೆಯ ಕಟ್ಟಳೆಯೊಳಗೆ ತಂದ ಮೊದಲ ಹಾಲಿನ ಬ್ಯಾಂಕು 1909ರಲ್ಲಿ ವಿಯೆನ್ನಾ ನಗರದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಆ ಕೆಲಸ ನಡೆದದ್ದು 1989ರಲ್ಲಿ, ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ. ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಅಲ್ಲಿ ತೆರೆದ ಬ್ಯಾಂಕು ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಬಡವರ ಆಸ್ಪತ್ರೆಯೊಂದರಲ್ಲಿ, ಹೆರಿಗೆಯ ವಾರ್ಡಿನ ತಾಯಂದಿರನ್ನೇ ನಂಬಿ ಕಟ್ಟಿದ ಬ್ಯಾಂಕು ಅದು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಸ್ಥಾಪನೆಯಾದ ವೈದ್ಯಶಾಲೆಯ ವಾರಸುದಾರನಾದ ನಮ್ಮ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿಯೂ ಈಗ ಹಾಲಿನ ಬ್ಯಾಂಕು ಇದೆ.

ಬ್ಯಾಂಕಿನ ಕೆಲಸ ಹೊರನೋಟಕ್ಕೆ ಸರಳ. ಹಾಲು ಕೊಡುವ ತಾಯಿಗೆ ಎಚ್.ಐ.ವಿ., ಕಾಮಾಲೆ, ಸಿಫಿಲಿಸ್ ಮುಂತಾದ ರೋಗಗಳಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಹಿಂಡಿದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂವತ್ತು ನಿಮಿಷ ಇಟ್ಟು, ಕೂಡಲೇ ತಣಿಸಿ, ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಾಡುತ್ತಾರೆ. ಕೊಟ್ಟವಳಿಗೆ ಹಣವಿಲ್ಲ, ಪಡೆದವರಿಂದ ಬೆಲೆಯಿಲ್ಲ ಎಂಬುದು ಇಲ್ಲಿಯ ಧರ್ಮ.

ಇಷ್ಟೆಲ್ಲ ಪಾಡೇಕೆ, ಡಬ್ಬಿಯ ಪುಡಿಹಾಲು ಇಲ್ಲವೆ ಎಂದು ಕೇಳುವವರಿದ್ದಾರೆ. ಪುಡಿಹಾಲಿನಿಂದ ಕೂಸಿನ ತೂಕ ಬೇಗ ಏರುತ್ತದೆ, ನಿಜ. ಆದರೆ ದಿನ ತುಂಬದ ಕೂಸಿನ ಕರುಳು ಕಾಗದಕ್ಕಿಂತ ನಾಜೂಕು. ಅದು ಉರಿಯೆದ್ದು, ಕೆಲವು ಗಂಟೆಗಳಲ್ಲಿಯೇ ಅಲ್ಲಲ್ಲಿ ಸತ್ತು ತೂತಾಗುವ ಒಂದು ಭಯಂಕರ ರೋಗವಿದೆ. ವೈದ್ಯರು ಅದನ್ನು ಎನ್.ಇ.ಸಿ. ಎನ್ನುತ್ತಾರೆ. ತಗಲಿದ ಕೂಸುಗಳಲ್ಲಿ ಹಲವು ಉಳಿಯುವುದಿಲ್ಲ. ಅಮೆರಿಕದಲ್ಲಿ 483 ಅತಿ ಸಣ್ಣ ಕೂಸುಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪುಡಿಹಾಲು ಪಡೆದವುಗಳಲ್ಲಿ ನೂರಕ್ಕೆ 9 ಕೂಸುಗಳಿಗೆ ಈ ರೋಗ ಬಂದಿತು. ದಾನದ ಹಾಲು ಪಡೆದವುಗಳಲ್ಲಿ ನೂರಕ್ಕೆ 4.2 ಮಾತ್ರ. ಎರಡು ವರ್ಷದ ವಯಸ್ಸಿಗೆ ಎರಡೂ ಗುಂಪಿನ ಮಕ್ಕಳ ಬುದ್ಧಿಯ ಬೆಳವಣಿಗೆಯಲ್ಲಿ ಅಂತರ ಕಾಣಲಿಲ್ಲ. ಆದರೆ ಅದೇ ಪರೀಕ್ಷೆ ಇನ್ನೊಂದು ಮಾತನ್ನೂ ಹೇಳಿತು: ಆಸ್ಪತ್ರೆಯಲ್ಲಿದ್ದಷ್ಟು ದಿನ ದಾನದ ಹಾಲಿನ ಕೂಸುಗಳ ತೂಕ ನಿಧಾನವಾಗಿ ಏರಿತು. ಜುವಾರಿನಗರದ ಅಜ್ಜಿಯ ಮಾತು ನೆನಪಾಗುವುದು ಇಲ್ಲಿಯೇ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಗಣಿತಕ್ಕೆ ಅಂಜುವವರೂ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ವಿಷಯ ಈ ಲೆಕ್ಕದಲ್ಲಿದೆ. ಇಂತಹ ಕೂಸಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 160 ಮಿಲಿಲೀಟರು ಹಾಲು ಕೊಡಬಹುದು. ಅದಕ್ಕಿಂತ ಬಹಳ ಹೆಚ್ಚು ಕೊಟ್ಟರೆ ಪುಟ್ಟ ಹೊಟ್ಟೆ, ಪುಟ್ಟ ಹೃದಯ ತಾಳಲಾರವು. ಬ್ಯಾಂಕಿನ ಹಾಲಿನ 100 ಮಿಲಿಲೀಟರಿನಲ್ಲಿ ಪ್ರೋಟೀನು, ಎಂದರೆ ನಾವು ಶಾಲೆಯಲ್ಲಿ ಸಸಾರಜನಕವೆಂದು ಓದಿದ್ದು, ಒಂದು ಗ್ರಾಮಿನ ಆಸುಪಾಸು. ಆಗ ಕೂಸಿಗೆ ಸಿಕ್ಕಿದ್ದು ಕಿಲೋಕ್ಕೆ 1.6 ಗ್ರಾಂ. ಬೇಕಾದದ್ದೋ ಮೂರೂವರೆಯಿಂದ ನಾಲ್ಕು ಗ್ರಾಂ. ಸುಣ್ಣದಂಶ ಸಿಕ್ಕಿದ್ದು 40 ಮಿಲಿಗ್ರಾಮಿನಷ್ಟು. ಬೇಕಾದದ್ದು 120ಕ್ಕಿಂತ ಮೇಲೆ. ಶಕ್ತಿ ಸಿಕ್ಕಿದ್ದು ನೂರು ಕ್ಯಾಲೊರಿಯ ಹತ್ತಿರ. ಬೇಕಾದದ್ದು 115ರಿಂದ 140. ಹೊಟ್ಟೆ ತುಂಬಿದ್ದರೂ ಕೂಸು ಹಸಿದಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇದು ಹಾಲಿನ ದೋಷವಲ್ಲ. ತುಂಬು ತಿಂಗಳ ಮಗುವಿಗೆ ಆ ಹಾಲು ಪೂರ್ಣಾನ್ನವೇ. ತಾಯಿಯ ದೇಹ ತನ್ನ ಮಗುವಿನ ವಯಸ್ಸಿಗೆ ತಕ್ಕಂತೆ ಹಾಲನ್ನು ಬದಲಿಸುತ್ತ ಹೋಗುತ್ತದೆ. ಬೇಗ ಹೆತ್ತ ತಾಯಿಯ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನು ಒಂದೂವರೆ, ಎರಡು ಗ್ರಾಮಿನವರೆಗೂ ಇರುತ್ತದೆ; ತಿಂಗಳುಗಳು ಕಳೆದಂತೆ ಅದು ಇಳಿಯುತ್ತದೆ. ಆರು ತಿಂಗಳ ಗಟ್ಟಿಮುಟ್ಟಾದ ಮಗುವಿನ ತಾಯಿ ತನ್ನಲ್ಲಿ ಹೆಚ್ಚಾದ ಹಾಲನ್ನು ಪ್ರೀತಿಯಿಂದ ದಾನ ಕೊಟ್ಟಾಗ, ಅದು ಆರು ತಿಂಗಳ ಮಗುವಿನ ಹಾಲೇ ಹೊರತು ಮೂವತ್ತು ವಾರಗಳ ಕೂಸಿನದಲ್ಲ. ದೊಡ್ಡವನ ಅಂಗಿಯನ್ನು ಚಿಕ್ಕವನಿಗೆ ತೊಡಿಸಿದಂತೆ.

ಎರಡನೆಯ ನಷ್ಟ ಬೆಂಕಿಯಿಂದ. ರೋಗಾಣುಗಳನ್ನು ಕೊಲ್ಲುವ ಶಾಖ ಹಾಲಿನಲ್ಲಿರುವ ಸೂಕ್ಷ್ಮ ವಸ್ತುಗಳನ್ನೂ ಬಿಡುವುದಿಲ್ಲ. ಎದೆಹಾಲಿನಲ್ಲಿ ಜಿಡ್ಡನ್ನು ಅರಗಿಸುವ ಒಂದು ಪಾಚಕವಸ್ತು ಇರುತ್ತದೆ. ಕೂಸಿನ ಎಳೆಯ ಹೊಟ್ಟೆಗೆ ಅದು ತಾಯಿಯೇ ಕೊಟ್ಟ ಕೈನೆರವು. ಪಾಶ್ಚರೀಕರಣದಲ್ಲಿ ಅದು ಸಂಪೂರ್ಣ ನಾಶವಾಗುತ್ತದೆ. ಹಾಲಿನಲ್ಲಿ ಜಿಡ್ಡು ಇದ್ದರೂ ಅದರಲ್ಲಿ ಒಂದು ಪಾಲು ಅರಗದೆ ಹೊರಗೆ ಹೋಗುವುದು ಇದರಿಂದಲೇ. 'ಮೈಗೆ ಹತ್ತುವುದಿಲ್ಲ' ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ? ಲ್ಯಾಕ್ಟೊಫೆರಿನ್ ಎಂಬ ರಕ್ಷಕವಸ್ತುವೂ ಬಹುಪಾಲು ಹೋಗುತ್ತದೆ. ಆದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಪೋಷಿಸುವ ವಿಶೇಷ ಸಕ್ಕರೆಗಳು ಶಾಖಕ್ಕೆ ಜಗ್ಗುವುದಿಲ್ಲ. ರೋಗನಿರೋಧಕಗಳಲ್ಲಿಯೂ ಸಾಕಷ್ಟು ಉಳಿಯುತ್ತವೆ. ಕಾಯಿಸಿದ ಮೇಲೂ ಈ ಹಾಲು ಕರುಳನ್ನು ಕಾಯುತ್ತದೆ ಎನ್ನುವುದಕ್ಕೆ ಮೇಲೆ ಹೇಳಿದ ಅಮೆರಿಕದ ಅಂಕಿಗಳೇ ಪ್ರಮಾಣ. ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸುವ, ಇಲ್ಲವೆ ಶಾಖವಿಲ್ಲದೆ ಅತಿಯಾದ ಒತ್ತಡದಿಂದಲೇ ರೋಗಾಣುಗಳನ್ನು ಕೊಲ್ಲುವ ವಿಧಾನಗಳ ಮೇಲೆ ಹಲವೆಡೆ ಸಂಶೋಧನೆ ನಡೆದಿದೆ.

ಮೂರನೆಯದು ಪಾತ್ರೆಯ ಪಾಲು. ಇದನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಹಾಲು ಕಾಯಿಸಿದ ಪಾತ್ರೆಯ ಅಂಚಿಗೆ ಕೆನೆ ಹತ್ತುವಂತೆ, ಎದೆಹಾಲಿನ ಕೆನೆಯೂ ಬಾಟಲಿಗೆ, ಸಿರಿಂಜಿಗೆ, ನಳಿಕೆಗೆ ಅಂಟಿಕೊಳ್ಳುತ್ತದೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಷ್ಟೂ ನಷ್ಟ. ಯಂತ್ರಕ್ಕೆ ಕಟ್ಟಿ ಗಂಟೆಗಟ್ಟಲೆ ಹನಿಹನಿಯಾಗಿ ಇಳಿಸಿದರೆ ಕೆನೆಯೆಲ್ಲ ಮೇಲೆ ತೇಲಿ, ಕಡೆಗೆ ಕೊಳವೆಯಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಬಲ್ಲ ದಾದಿಯರು ಹಾಲನ್ನು ಮೆಲ್ಲಗೆ ಅಲುಗಿಸಿ ಬೆರಸಿ, ಸಾಧ್ಯವಿದ್ದಲ್ಲಿ ಒಂದೇ ಸಲಕ್ಕೆ ತಾನಾಗಿ ಇಳಿಯಬಿಡುತ್ತಾರೆ; ಯಂತ್ರವೇ ಬೇಕಾದರೆ ಸಿರಿಂಜಿನ ಮೂತಿ ಮೇಲಿರುವಂತೆ ಓರೆಯಾಗಿ ಇಡುತ್ತಾರೆ, ತೇಲಿದ ಕೆನೆ ಮೊದಲು ಕೂಸಿಗೆ ಹೋಗಲಿ ಎಂದು. ಒಂದು ಪೈಸೆಯ ಖರ್ಚಿಲ್ಲದ ಚಿಕಿತ್ಸೆಯಿದು!

ಈಗ ನಷ್ಟವನ್ನು ತುಂಬುವ ಮಾತು. ಈ ದಾರಿಯಲ್ಲಿ ಬಡದೇಶಗಳಿಗೆ ಪಾಠ ಹೇಳಿಕೊಟ್ಟದ್ದು ಬ್ರೆಜಿಲ್. ಗೋವೆಗೆ ಪೋರ್ಚುಗೀಸರು ಗೇರುಮರವನ್ನು ತಂದದ್ದು ಅದೇ ಬ್ರೆಜಿಲಿನಿಂದ. ಅಲ್ಲಿಂದ ತರಬೇಕಾದ ಇನ್ನೊಂದು ಬೀಜ ಇದೆಂದು ನಮಗೆ ಅನಿಸುತ್ತದೆ. ರಿಯೊ ಡಿ ಜನೈರೊ ನಗರದಲ್ಲಿ 1943ರಲ್ಲಿ ತೆರೆದ ಒಂದು ಬ್ಯಾಂಕು ಇಂದು ದೇಶದಾದ್ಯಂತ 200ಕ್ಕೂ ಹೆಚ್ಚು ಬ್ಯಾಂಕುಗಳ ಜಾಲವಾಗಿ ಬೆಳೆದಿದೆ. ಕಾಫಿಪುಡಿಯ ಖಾಲಿ ಗಾಜಿನ ಶೀಶೆಗಳನ್ನು ಕುದಿಸಿ ಅವುಗಳಲ್ಲಿಯೇ ಹಾಲು ಸಂಗ್ರಹಿಸಿದರು. ಕೆಲವು ಊರುಗಳಲ್ಲಿ ಬೆಂಕಿ ಆರಿಸುವ ದಳದವರು ಮನೆಮನೆಗೆ ಹೋಗಿ ಹಾಲನ್ನು ತರುತ್ತಾರೆ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಅಲ್ಲಿ ಬಂದ ಹಾಲನ್ನೆಲ್ಲ ಒಂದೇ ಎಂದು ಎಣಿಸುವುದಿಲ್ಲ. ಕೊಟ್ಟವಳ ಹೆರಿಗೆಯಾಗಿ ಎಷ್ಟು ದಿನವಾಯಿತು, ಹಾಲಿನ ಹುಳಿ ಎಷ್ಟು, ಜಿಡ್ಡು ಎಷ್ಟು ಎಂದು ನೋಡಿ ವಿಂಗಡಿಸುತ್ತಾರೆ. ಜಿಡ್ಡನ್ನು ಅಳೆಯಲು ದುಬಾರಿ ಯಂತ್ರ ಬೇಡ. ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಕೆಲವು ಹನಿ ಹಾಲು ತೆಗೆದು, ರಕ್ತಪರೀಕ್ಷೆಯ ಕೊಠಡಿಯಲ್ಲಿರುವಂತಹ ತಿರುಗಣೆಯಲ್ಲಿ ತಿರುಗಿಸಿದರೆ ಕೆನೆ ಒಂದು ತುದಿಗೆ ಬಂದು ನಿಲ್ಲುತ್ತದೆ. ಅದರ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು ಆ ಹಾಲಿನ ಶಕ್ತಿ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಹೆಚ್ಚು ಕೆನೆಯ ಹಾಲು, ಹೊಸ ಬಾಣಂತಿಯ ಹಾಲು, ಇವು ತೂಕ ಏರಬೇಕಾದ ಅತಿ ಸಣ್ಣ ಕೂಸುಗಳಿಗೆ ಮೀಸಲು. ನಮ್ಮ ಹಾಲಿನ ಡೇರಿಗಳಲ್ಲಿ ಎಮ್ಮೆಯ ಹಾಲಿಗೆ ಜಿಡ್ಡು ನೋಡಿ ದರ ಕಟ್ಟುವುದು ಯಾರಿಗೆ ಗೊತ್ತಿಲ್ಲ? ಮನುಷ್ಯರ ಕೂಸಿನ ವಿಷಯದಲ್ಲಿ ಆ ಎಚ್ಚರ ಇನ್ನೂ ಎಲ್ಲೆಡೆ ಬಂದಿಲ್ಲ.

ನಮ್ಮ ದೇಶದ ಬ್ಯಾಂಕುಗಳಿಗೆ ಒಂದು ಸಹಜವಾದ ಅನುಕೂಲವಿದೆ. ಪಶ್ಚಿಮದ ದೇಶಗಳಲ್ಲಿ ಬಹುಮಟ್ಟಿಗೆ ಮನೆಯಲ್ಲಿರುವ, ತಿಂಗಳುಗಳ ಹಿಂದೆ ಹೆತ್ತ ತಾಯಂದಿರು ದಾನಿಗಳು. ನಮ್ಮಲ್ಲಿಯಾದರೋ ಹೆರಿಗೆಯ ವಾರ್ಡಿನಲ್ಲಿರುವ ಹೊಸ ಬಾಣಂತಿಯರೇ ಹೆಚ್ಚು. ಅವರಲ್ಲಿ ಕೆಲವರು ತಾವೇ ದಿನ ತುಂಬದ ಮಕ್ಕಳನ್ನು ಹೆತ್ತವರು. ಅವರ ಹಾಲಿನಲ್ಲಿ ಪ್ರೋಟೀನು ಹೆಚ್ಚು. ಆ ಸೀಸೆಗಳ ಮೇಲೆ ಹೆರಿಗೆಯ ದಿನಾಂಕವನ್ನು ಸ್ಪಷ್ಟವಾಗಿ ಬರೆದು ಬೇರೆಯಾಗಿ ಇಟ್ಟರೆ ಅರ್ಧ ಕೆಲಸ ಆದಂತೆ. ಕೆಲವು ತಾಯಂದಿರ ಹಾಲನ್ನು ಕೂಡಿಸಿ ಬೆರಸುವುದರಿಂದಲೂ ಒಬ್ಬಳ ತೆಳುಹಾಲು ಇನ್ನೊಬ್ಬಳ ಗಟ್ಟಿಹಾಲಿನೊಡನೆ ಸರಿತೂಗುತ್ತದೆ. ಹಾಲು ಹಿಂಡುವಾಗ ಮೊದಲು ಬರುವುದು ತೆಳು, ಕಡೆಗೆ ಬರುವುದು ಕೆನೆಯುಳ್ಳದ್ದು. ದಾನಿಗಳಿಗೆ ಎದೆ ಪೂರ್ತಿ ಬರಿದಾಗುವವರೆಗೂ ಹಿಂಡಲು ಸಮಯ ಮತ್ತು ಒಂದು ಮರೆಯಾದ ಜಾಗ ಕೊಡುವುದು ಇದಕ್ಕಾಗಿಯೇ. ಹಸುವಿನ ಕಡೆಯ ಹಾಲನ್ನು ಕರುವಿಗೆಂದು ಬಿಡುವ ರೂಢಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಇಷ್ಟಾದರೂ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಕೆನೆಯಿಂದ ಶಕ್ತಿ ಹೆಚ್ಚಬಹುದು. ಎಲುಬಿಗೆ ಬೇಕಾದ ಸುಣ್ಣದಂಶ, ರಂಜಕ, ಮಾಂಸಖಂಡಕ್ಕೆ ಬೇಕಾದ ಪ್ರೋಟೀನು ಯಾವ ತಾಯಿಯ ಹಾಲಿನಿಂದಲೂ ಅಷ್ಟು ಪ್ರಮಾಣದಲ್ಲಿ ಬರಲಾರದು. ಅಲ್ಲಿ ಬರುವುದು ಹಾಲಿಗೆ ಬೆರಸುವ ಪುಷ್ಟಿಪುಡಿ. ಆಸ್ಪತ್ರೆಗಳಲ್ಲಿ ಇದಕ್ಕೆ ಎಚ್.ಎಂ.ಎಫ್. ಎನ್ನುತ್ತಾರೆ; ಚಿಕ್ಕ ಪೊಟ್ಟಣಗಳಲ್ಲಿ ಬರುತ್ತದೆ. ಇದು ಡಬ್ಬಿಯ ಪುಡಿಹಾಲಲ್ಲ ಎಂಬುದನ್ನು ನಮ್ಮ ಜನ ಚೆನ್ನಾಗಿ ತಿಳಿಯಬೇಕು. ಪುಡಿಹಾಲು ತಾಯಿಹಾಲಿನ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಇದು ತಾಯಿಹಾಲಿನ ಒಳಗೆ ಕರಗಿ ಅದರ ಕೈ ಬಲಪಡಿಸುತ್ತದೆ. ಪೊಟ್ಟಣದಿಂದ ಪೊಟ್ಟಣಕ್ಕೆ ಸತ್ವದಲ್ಲಿ ವ್ಯತ್ಯಾಸವಿದೆ. ಕೆಲವುಗಳಲ್ಲಿ ಪ್ರೋಟೀನು ತೀರ ಕಡಿಮೆ. ಹೆಚ್ಚು ಬೆರಸಿದರೆ ಹಾಲು ಮಂದವಾಗಿ ಕೂಸಿನ ಹೊಟ್ಟೆ ಉಬ್ಬುವುದೂ ಉಂಟು. ಆದುದರಿಂದ ಕೂಸು ಸಾಕಷ್ಟು ಹಾಲನ್ನು ತಾಳಿಕೊಂಡ ಮೇಲೆಯೇ ಇದನ್ನು ಆರಂಭಿಸಿ, ತೂಕವನ್ನೂ ರಕ್ತದಲ್ಲಿರುವ ಯೂರಿಯಾವನ್ನೂ ನೋಡುತ್ತ ಪ್ರಮಾಣವನ್ನು ತಿದ್ದುತ್ತಾರೆ. ಅನುಕೂಲವಿರುವ ಕಡೆ ಹಾಲನ್ನೇ ಯಂತ್ರಕ್ಕೆ ಕೊಟ್ಟು ಅಳೆದು, ಕಡಿಮೆಯಿದ್ದಷ್ಟನ್ನೇ ಬೆರಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಸಲಹೆಯೂ ಎಚ್ಚರಿಕೆಯದೇ: ಎಲ್ಲ ಸಣ್ಣ ಕೂಸುಗಳಿಗೂ ಈ ಪುಡಿ ಬೇಡ, ಮೂವತ್ತೆರಡು ವಾರಗಳಿಗಿಂತ ಮೊದಲು ಹುಟ್ಟಿದವು, ಒಂದೂವರೆ ಕಿಲೋಗಿಂತ ಕಡಿಮೆ ತೂಕದವು, ಇವುಗಳ ವಿಷಯದಲ್ಲಿ ವೈದ್ಯರು ಯೋಚಿಸಬಹುದು.

ಬಹುತೇಕ ಪುಡಿಗಳನ್ನು ಹಸುವಿನ ಹಾಲಿನಿಂದ ಮಾಡುತ್ತಾರೆ. ಮನುಷ್ಯರ ಹಾಲಿನಿಂದಲೇ ಮಾಡಿದವೂ ಇವೆ, ಬೆಲೆ ಮಾತ್ರ ಗಾರೆಯವನ ಕೈಗೆ ಎಟಕುವಂತಹದಲ್ಲ. ಲಾಭಕ್ಕಾಗಿ ಎದೆಹಾಲನ್ನು ಕೊಂಡು ಮಾರುವ ವ್ಯಾಪಾರ ನಮ್ಮ ದೇಶದಲ್ಲಿಯೂ ತಲೆಯೆತ್ತಿತ್ತು. 2024ರ ಮೇ ತಿಂಗಳಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರವು ಮನುಷ್ಯರ ಹಾಲನ್ನು ಸಂಸ್ಕರಿಸಿ ಮಾರಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಒಳ್ಳೆಯದೇ ಆಯಿತು. ಬಡ ಬಾಣಂತಿಯ ಹಾಲಿಗೆ ಬೆಲೆ ಕಟ್ಟಿದ ದಿನ ಅವಳ ಕೂಸಿನ ಪಾಲು ಪೇಟೆಗೆ ಹೋಗುವುದು ಖಂಡಿತ.

ತಾಯಿ ಚೆನ್ನಾಗಿ ಉಂಡರೆ ಹಾಲು ಸತ್ವವುಳ್ಳದ್ದಾಗುವುದಿಲ್ಲವೆ ಎಂಬ ಪ್ರಶ್ನೆಯನ್ನು ಎಲ್ಲ ಹೆಂಗಸರೂ ಕೇಳುತ್ತಾರೆ. ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಹಾಲಿನ ಪ್ರೋಟೀನು, ಸುಣ್ಣದಂಶ ತಾಯಿಯ ಊಟವನ್ನು ಅವಲಂಬಿಸಿ ಹೆಚ್ಚು ಬದಲಾಗುವುದಿಲ್ಲ. ಕೊರತೆಯಾದರೆ ಪ್ರಕೃತಿ ಅವಳ ಎಲುಬಿನಿಂದಲೇ ಕಿತ್ತು ಕೂಸಿಗೆ ಕೊಡುತ್ತದೆ. ಆದರೆ ಬಿ ಗುಂಪಿನ ಜೀವಸತ್ವಗಳು, ಅಯೋಡಿನ್, ಕೊಬ್ಬಿನ ಜಾತಿ, ಇವು ಅವಳ ತಟ್ಟೆಯಿಂದಲೇ ಬರಬೇಕು. ಮಿದುಳು, ಕಣ್ಣುಗಳ ಬೆಳವಣಿಗೆಗೆ ಬೇಕಾದ ಡಿ.ಎಚ್.ಎ. ಎಂಬ ಕೊಬ್ಬು ಮೀನಿನಲ್ಲಿದೆ. ಗೋವೆಯ ಬಂಗುಡೆ, ತಾರಲಿ ಇದಕ್ಕೆ ಹೇಳಿಮಾಡಿಸಿದಂತಹವು. ನಮ್ಮ ಬಯಲುಸೀಮೆಯ ಅಗಸೆ ಚಟ್ನಿಯಲ್ಲಿಯೂ ಅದರ ನೆಂಟನಾದ ಒಂದು ಕೊಬ್ಬಿದೆ. ಆದರೆ ದೇಹ ಅದರಲ್ಲಿ ಅಲ್ಪಾಂಶವನ್ನಷ್ಟೇ ಡಿ.ಎಚ್.ಎ. ಆಗಿ ಮಾರ್ಪಡಿಸಬಲ್ಲದು. ಶುದ್ಧ ಶಾಕಾಹಾರಿ ಬಾಣಂತಿಯರು ಬಿ-12 ಜೀವಸತ್ವದ ವಿಷಯವನ್ನು ವೈದ್ಯರಲ್ಲಿ ಕೇಳಲೇಬೇಕು. ಅಂಟಿನುಂಡಿ, ಸಬ್ಬಸಿಗೆ, ಮೆಂತ್ಯ ಎಲ್ಲವೂ ಇರಲಿ, ಅವುಗಳೊಡನೆ ನಮಗೆ ಜಗಳವಿಲ್ಲ. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ದೊಡ್ಡದಾಗುತ್ತದೆ ಎಂಬ ಕಟ್ಟುಪಾಡು ಮಾತ್ರ ಹೋಗಬೇಕು. ಗೋವೆಯ ಸೆಕೆಯಲ್ಲಿ ಅದು ಹೆಣ್ಣಿಗೆ ಶಿಕ್ಷೆ.

ಇಷ್ಟು ಹೊತ್ತು ದಾನದ ಹಾಲನ್ನು ಕುರಿತು ಬರೆದು ಈಗ ಹೀಗೆ ಹೇಳುವುದು ವಿಚಿತ್ರವೆನಿಸಬಹುದು, ಆದರೂ ಹೇಳಬೇಕು. ದಾನದ ಹಾಲಿನ ಕೊರತೆಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಹೆತ್ತ ತಾಯಿಯ ಹಸಿ ಹಾಲು. ಅದರಲ್ಲಿ ಪ್ರೋಟೀನು ಹೆಚ್ಚು, ಪಾಚಕವಸ್ತು ಜೀವಂತ, ರಕ್ಷಕವಸ್ತುಗಳು ಪೂರ್ಣ. 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿಯೂ ಈ ಕೇಂದ್ರಗಳನ್ನು ಕೇವಲ ಹಾಲಿನ ಉಗ್ರಾಣವೆಂದು ಕರೆಯದೆ, ತಾಯಂದಿರಿಗೆ ಹಾಲೂಡಿಸಲು ನೆರವಾಗುವ ಕೇಂದ್ರಗಳೆಂದು ಕರೆದಿದೆ. ನಮ್ಮ ದುಡಿಯುವ ಕುಟುಂಬಗಳಲ್ಲಿ ತೊಡಕು ಇರುವುದು ಇಲ್ಲಿಯೇ. ತಾಯಿಯನ್ನು ಮೂರನೆಯ ದಿನ ಮನೆಗೆ ಕಳಿಸುತ್ತಾರೆ, ಕೂಸು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಜುವಾರಿನಗರದಿಂದ ಸೇತುವೆ ದಾಟಿ ಬಸ್ಸಿನಲ್ಲಿ ದಿನಕ್ಕೊಮ್ಮೆ ಬಂದು ಹೋಗುವವಳ ಎದೆಯಲ್ಲಿ ಹಾಲು ಎಷ್ಟು ದಿನ ನಿಂತೀತು? ಹಾಲು ಉಳಿಯಬೇಕಾದರೆ ಕೂಸು ಕುಡಿಯದಿದ್ದರೂ ಹಗಲುರಾತ್ರಿ ಸೇರಿ ದಿನಕ್ಕೆ ಎಂಟು ಸಲ ಹಿಂಡಬೇಕು. ಹೆರಿಗೆಯಾದ ಮೊದಲ ಗಂಟೆಗಳಲ್ಲಿಯೇ ಆರಂಭಿಸಬೇಕು. ಅನೇಕರು 'ಬಾಣಂತನಕ್ಕೆ' ಎಂದು ಆಕೆಯನ್ನು ನೇರವಾಗಿ ಊರಿನ ರೈಲು ಹತ್ತಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡಿದ ಕೆಲಸವದು. ಆದರೆ ಕೂಸಿನ ಪಾಲಿನ ಹಾಲೂ ಅದೇ ರೈಲಿನಲ್ಲಿ ಹೋಗಿಬಿಡುತ್ತದೆ.

1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಪೆಟ್ಟಿಗೆಗಳು ಸಾಲದೆ ಬಂದಾಗ, ವೈದ್ಯರು ಸಣ್ಣ ಕೂಸುಗಳನ್ನು ತಾಯಿಯ ಬರಿಯ ಎದೆಯ ಮೇಲೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ತಂದರು. ಇಂದು ಅದು ಬಡವರ ಉಪಾಯವಾಗಿ ಉಳಿಯದೆ ಎಲ್ಲರ ಚಿಕಿತ್ಸೆಯಾಗಿದೆ. ಚರ್ಮಕ್ಕೆ ಚರ್ಮ ತಾಗಿದ ತಾಯಿಗೆ ಹಾಲು ಹೆಚ್ಚುತ್ತದೆ. ತಂದೆಯೂ ಅಜ್ಜಿಯೂ ಕೂಸನ್ನು ಹೀಗೆ ಇಟ್ಟುಕೊಳ್ಳಬಹುದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಯಾರ ಹಾಲೋ, ಯಾವ ಜಾತಿಯವರದೋ ಎಂಬ ಪಿಸುಮಾತು ನಮ್ಮಲ್ಲಿದೆ. ಗಡಿ ದಾಟಿ ಬಂದು, ಪರಭಾಷೆಯವರ ನಡುವೆ ದುಡಿದು ಉಣ್ಣುವ ನಾವು ಹಾಲಿನಲ್ಲಿ ಜಾತಿಯನ್ನು ಹುಡುಕುವುದು ನಾಚಿಕೆಗೇಡು. ಮುಸಲ್ಮಾನ ಕುಟುಂಬಗಳ ಸಂಕೋಚ ಬೇರೆ ಬಗೆಯದು. ಒಂದೇ ತಾಯಿಯ ಹಾಲುಂಡ ಮಕ್ಕಳು ಒಡಹುಟ್ಟಿದವರಂತೆ, ಅವರಲ್ಲಿ ಮದುವೆ ಸಲ್ಲದು ಎಂಬುದು ಅವರ ಧರ್ಮದ ನಿಯಮ. ಹಲವರ ಹಾಲು ಬೆರೆತಾಗ ಅದು ಹೇಗೆ ಅನ್ವಯಿಸಬೇಕೆಂಬುದರಲ್ಲಿ ಅವರ ವಿದ್ವಾಂಸರಲ್ಲಿಯೇ ಭಿನ್ನಮತಗಳಿವೆ. ಇಂತಹ ಮನೆಯವರನ್ನು ಮೊದಲೇ ಕೇಳಿ, ತಿಳಿಸಿ, ಒಪ್ಪಿಗೆ ಪಡೆಯುವುದು ಸರಿಯಾದ ಹಾದಿ. ಒಪ್ಪಿಗೆ ಎಲ್ಲರಿಂದಲೂ ಬೇಕು. ಆದರೆ ಅವಸರದಲ್ಲಿ ಕೊಂಕಣಿಯಲ್ಲೋ ಇಂಗ್ಲಿಷಿನಲ್ಲೋ ಮುಂದಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ನಮ್ಮವರಿಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳುವವರು ಜೊತೆಗಿರಬೇಕು. ಈ ಕೆಲಸವನ್ನು ನಮ್ಮ ಸಂಘಗಳ ತರುಣಿಯರು ಕೈಗೆತ್ತಿಕೊಳ್ಳಬಾರದೇಕೆ?

ಜುವಾರಿನಗರದ ಕೂಸಿನ ಮಾತು ಉಳಿಯಿತು. ನಾವು ಹೋದ ದಿನದ ಹಿಂದುಮುಂದಿನಲ್ಲಿಯೇ ವೈದ್ಯರು ಅದರ ಹಾಲಿಗೆ ಪುಷ್ಟಿಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬೆರಸತೊಡಗಿದ್ದರು. ಅಜ್ಜಿ ಊರಿಗೆ ಹೊರಟವರು ನಿಂತರು. ತಾಯಿ ಆಸ್ಪತ್ರೆಯ ಹತ್ತಿರವೇ ಪರಿಚಿತರೊಬ್ಬರ ಕೋಣೆಯಲ್ಲಿ ಉಳಿದಳು. ದಿನಕ್ಕೆ ಆರು ಸಲ, ಏಳು ಸಲ ಹಿಂಡಿದಳು, ಎಂಟು ಆಗಲಿಲ್ಲ. ಮೊದಲು ಸೀಸೆಯ ತಳ ಮುಚ್ಚುವಷ್ಟು, ಹತ್ತು ದಿನಗಳಲ್ಲಿ ಕೂಸಿಗೆ ಬೇಕಾದ ಅರ್ಧದಷ್ಟು ಬಂದಿತು. ಉಳಿದರ್ಧ ಕಡೆಯವರೆಗೂ ಬೇರೆ ತಾಯಂದಿರದೇ. ತಂದೆಯ ಚೀಟಿಯಲ್ಲಿ ದಿನಕ್ಕೆ ಐದು ಗ್ರಾಂ ಇದ್ದದ್ದು ಇಪ್ಪತ್ತಾಯಿತು, ಒಂದು ದಿನ ಮೂವತ್ತೂ ಆಯಿತು. ತೂಕ 1,820 ಗ್ರಾಂ ಆದಾಗ ಮನೆಗೆ ಕಳಿಸಿದರು. ಕಬ್ಬಿಣದ ಹನಿ, ಡಿ ಜೀವಸತ್ವದ ಹನಿ, ಕಣ್ಣಿನ ಪರೀಕ್ಷೆಗೆ ಮತ್ತೆ ಬರಬೇಕಾದ ತಾರೀಕು, ಇವನ್ನು ಬರೆದ ಕಾಗದವನ್ನು ಆತ ಅದೇ ಚೀಟಿಯೊಡನೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡನು. ಅಜ್ಜಿ ಕೂಸನ್ನು ಎದೆಗೆ ಅವಚಿಕೊಂಡು ರಿಕ್ಷಾ ಹತ್ತುವಾಗ ನಮ್ಮನ್ನು ನೋಡಿ, "ಎಷ್ಟ್ ಮಂದಿ ಹಾಲು ಕುಡಿದೈತೋ ಏನೋ ಇದು" ಎಂದರು. ಈ ಸಲ ಆ ಮಾತಿನಲ್ಲಿ ದೂರು ಇರಲಿಲ್ಲ.